ಚಾಕೊಲೇಟ್ ಕಾಮೋತ್ತೇಜಕವೇ? ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು?

ಪ್ರಶ್ನೆ: ನನಗೆ 46 ವರ್ಷ, ಹೆಂಡತಿಗೆ 42. ಒಂದು ವರ್ಷದಿಂದ ಇಬ್ಬರಿಗೂ ಲೈಂಗಿಕ ಆಸಕ್ತಿ ಕಡಿಮೆಯಾಗಿದೆ. ನನಗೆ ಕೆಲವು ಸಲ ನಿಮಿರುವಿಕೆ ಕೊನೆತನಕ ನಿಲ್ಲುವುದಿಲ್ಲ. 85 ಶೇಕಡಾ ಡಾರ್ಕ್ ಚಾಕೊಲೇಟಿನಲ್ಲಿ ‘ಪ್ರೇಮದ ರಾಸಾಯನಿಕ’ ಇದೆ, ರಾತ್ರಿ ಅರ್ಧ ಬಾರ್ ತಿಂದರೆ ಗುಣ ಕಾಣುತ್ತದೆ ಎಂದು ಓದಿದೆ. ಗಂಡಸರಿಗೆಂದೇ ಆನ್‌ಲೈನ್‌ನಲ್ಲಿ ಮಾರುವ ಚಾಕೊಲೇಟ್ ಕೂಡ ನೋಡಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಯಾವುದನ್ನು, ಎಷ್ಟು, ಯಾವಾಗ ತಿನ್ನಬೇಕು?

ಉತ್ತರ: ನಾವು ತಿನ್ನುವಷ್ಟು ಪ್ರಮಾಣದ ಚಾಕೊಲೇಟಿನಿಂದ ಕಾಮಾಸಕ್ತಿ ಹೆಚ್ಚಾಯಿತು ಅಥವಾ ನಿಮಿರುವಿಕೆ ಸರಿಹೋಯಿತು ಎಂದು ಮನುಷ್ಯರ ಮೇಲಿನ ಯಾವ ಪ್ರಯೋಗದಲ್ಲೂ ಸಾಬೀತಾಗಿಲ್ಲ. ಊಟದ ನಂತರ ಒಂದೆರಡು ತುಂಡು ತಿನ್ನಲು ಅಡ್ಡಿಯಿಲ್ಲ. ಅರ್ಧ ಬಾರ್ ಬೇಡ. ‘ಗಂಡಸರ ಚಾಕೊಲೇಟ್’ ಮಾತ್ರ ಕೈಯಲ್ಲೂ ಮುಟ್ಟಬೇಡಿ. ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ನೀವು ಬರೆದಿರುವ ನಿಮಿರುವಿಕೆಯ ತೊಂದರೆಗೆ ಬೇಕಾಗಿರುವುದು ರಕ್ತಪರೀಕ್ಷೆ. ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅರ್ಧ ನಿಜವೇ ಹೆಚ್ಚು ದಾರಿ ತಪ್ಪಿಸುತ್ತದೆ.

ನೀವು ಓದಿದ ‘ಪ್ರೇಮದ ರಾಸಾಯನಿಕ’ದ ಹೆಸರು ಫೀನೈಲೀಥೈಲಮೀನ್. ಇದು ನಮ್ಮ ಮಿದುಳಿನಲ್ಲೂ ಅತಿ ಸಣ್ಣ ಪ್ರಮಾಣದಲ್ಲಿ ತಯಾರಾಗುತ್ತದೆ, ರಚನೆಯಲ್ಲಿ ಆಂಫೆಟಮೀನ್ ಎಂಬ ಉತ್ತೇಜಕ ಔಷಧಕ್ಕೆ ಹತ್ತಿರದ ನೆಂಟ. ಪ್ರೇಮದ ಮೊದಲ ದಿನಗಳ ಉನ್ಮಾದಕ್ಕೆ ಇದೇ ಕಾರಣವಿರಬಹುದು ಎಂದು ನ್ಯೂಯಾರ್ಕ್‌ನ ಮನೋವೈದ್ಯ ಮೈಕೆಲ್ ಲೀಬೊವಿಟ್ಜ್ 1980ರ ದಶಕದ ಆರಂಭದಲ್ಲಿ ಊಹಿಸಿದರು. ಇದು ಚಾಕೊಲೇಟಿನಲ್ಲೂ ಇದೆ ಎಂಬ ಮಾತು ಪತ್ರಿಕೆಗಳಿಗೆ ಸಿಕ್ಕಿತು. ಊಹೆ ಹಿಂದೆ ಉಳಿಯಿತು, ಚಾಕೊಲೇಟಿನ ಹೆಸರು ಮಾತ್ರ ಮುಂದೆ ಓಡಿತು.

ಈಗ ಲೆಕ್ಕ ಹಾಕೋಣ. ಒಂದು ಗ್ರಾಂ ಚಾಕೊಲೇಟಿನಲ್ಲಿ ಅಳೆದು ಸಿಕ್ಕಿರುವುದು ಸುಮಾರು 0.4ರಿಂದ 6.6 ಮೈಕ್ರೊಗ್ರಾಂ. ನೀವು ಹೇಳಿದ ಅರ್ಧ ಬಾರ್ ಎಂದರೆ 50 ಗ್ರಾಂ. ಅತಿ ಹೆಚ್ಚೆಂದು ಹಿಡಿದರೂ 330 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಮೂರನೇ ಒಂದು ಭಾಗ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಅರೆಕಾಸೂ ಮಿದುಳಿನವರೆಗೆ ಹೋಗುವುದಿಲ್ಲ. ಕರುಳಿನ ಗೋಡೆಯಲ್ಲಿ ಮತ್ತು ಯಕೃತ್ತಿನಲ್ಲಿ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಕಾವಲು ಕೂತಿದೆ. ಇಂಥ ಅಮೀನುಗಳನ್ನು ಒಡೆದು ಹಾಕುವುದೇ ಅದರ ಕೆಲಸ. ಅದನ್ನು ತಪ್ಪಿಸಿಕೊಂಡು ರಕ್ತಕ್ಕೆ ಸೇರಿದ ಅಲ್ಪಸ್ವಲ್ಪವೂ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹಳೆಯ ಚೀಸ್‌ನಲ್ಲಿ, ಹುದುಗಿಸಿದ ಮಾಂಸದಲ್ಲಿ ಇದೇ ರಾಸಾಯನಿಕ ಚಾಕೊಲೇಟಿಗಿಂತ ಹೆಚ್ಚು ಇರುವುದೂ ಉಂಟು. ಅವುಗಳಿಗೆ ಯಾರೂ ಪ್ರೇಮದ ಹೆಸರು ಕೊಟ್ಟಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಖಿನ್ನತೆಗೋ ಪಾರ್ಕಿನ್‌ಸನ್ ಕಾಯಿಲೆಗೋ ಮಾನೊಅಮೀನ್ ಆಕ್ಸಿಡೇಸನ್ನು ತಡೆಯುವ ಮಾತ್ರೆ (ಫೆನೆಲ್ಜಿನ್, ಟ್ರಾನಿಲ್ಸಿಪ್ರೊಮಿನ್, ಸೆಲೆಜಿಲಿನ್) ತೆಗೆದುಕೊಳ್ಳುವವರಲ್ಲಿ ಈ ಕಾವಲು ಸಡಿಲವಾಗಿರುತ್ತದೆ. ಅಂಥವರು ಒಮ್ಮೆಗೇ ಬಹಳ ಚಾಕೊಲೇಟ್ ತಿಂದರೆ ರಕ್ತದೊತ್ತಡ ಏರಬಹುದು, ತಲೆನೋವು ಬರಬಹುದು. ಎಷ್ಟು ತಿನ್ನಬಹುದೆಂದು ಮಾತ್ರೆ ಕೊಟ್ಟ ವೈದ್ಯರನ್ನೇ ಕೇಳಬೇಕು.

ಎರಡನೆಯ ಹೆಸರು ಆನಂದಮೈಡ್. 1992ರಲ್ಲಿ ಜೆರುಸಲೇಮ್‌ನ ರಾಫೇಲ್ ಮೆಶೂಲಂ ಅವರ ಪ್ರಯೋಗಾಲಯದಲ್ಲಿ ಮಿದುಳಿನಿಂದ ಬೇರ್ಪಡಿಸಿದ ಈ ವಸ್ತುವಿಗೆ ನಮ್ಮ ‘ಆನಂದ’ ಎಂಬ ಪದವನ್ನೇ ಇಟ್ಟರು. ಗಾಂಜಾದ ಅಂಶ ಹೋಗಿ ಕೂರುವ ಗ್ರಾಹಕಗಳ ಮೇಲೆಯೇ ಇದೂ ಕೂರುತ್ತದೆ. 1996ರಲ್ಲಿ ಚಾಕೊಲೇಟಿನಲ್ಲಿ ಆನಂದಮೈಡ್ ಮತ್ತು ಅದರ ಬಂಧುಗಳು ಇರುವುದು ತಿಳಿಯಿತು. ಆದರೆ ಇರುವುದು ಲೇಶಮಾತ್ರ. ಬಾಯಿಯ ಮೂಲಕ ಹೋಗಿ ಪರಿಣಾಮ ತೋರಿಸಲು ಬೇಕಾದದ್ದಕ್ಕಿಂತ ಹಲವು ಪಟ್ಟು ಕಡಿಮೆ. ಹೆಸರು ಚೆಂದವಿದೆ, ಅಷ್ಟೇ.

ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಸೆರೊಟೊನಿನ್‌ನ ವಾದವಂತೂ ತಲೆಕೆಳಗಾಗಿದೆ. ಚಾಕೊಲೇಟಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇದೆ, ಅದರಿಂದ ಸೆರೊಟೊನಿನ್ ಹೆಚ್ಚುತ್ತದೆ, ಅದರಿಂದ ಕಾಮಾಸಕ್ತಿ ಹೆಚ್ಚುತ್ತದೆ ಎಂದು ಬರೆಯುತ್ತಾರೆ. ಮಿದುಳಿನೊಳಕ್ಕೆ ನುಗ್ಗಲು ಟ್ರಿಪ್ಟೊಫಾನ್ ಉಳಿದ ಅಮೈನೊ ಆಮ್ಲಗಳೊಂದಿಗೆ ಪೈಪೋಟಿ ನಡೆಸಬೇಕು. ಆಹಾರದಲ್ಲಿ ಸ್ವಲ್ಪ ಪ್ರೋಟೀನ್ ಇದ್ದರೂ ಅದು ಆ ಪೈಪೋಟಿಯಲ್ಲಿ ಸೋಲುತ್ತದೆ, ಮತ್ತು ಡಾರ್ಕ್ ಚಾಕೊಲೇಟಿನಲ್ಲಿ ನೂರಕ್ಕೆ ಏಳೆಂಟು ಗ್ರಾಂ ಪ್ರೋಟೀನ್ ಇದೆ. ಇನ್ನೂ ಮುಖ್ಯವಾದ ಮಾತು: ಸೆರೊಟೊನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆಗಳು (ಫ್ಲುಒಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಾಲೊಪ್ರಾಂ) ಕಾಮಾಸಕ್ತಿಯನ್ನು ಇಳಿಸುತ್ತವೆ, ಸ್ಖಲನವನ್ನೂ ಸುಖದ ಶಿಖರವನ್ನೂ ತಡಮಾಡುತ್ತವೆ. ನಿಮ್ಮಿಬ್ಬರಲ್ಲಿ ಯಾರಾದರೂ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ.

ಚಾಕೊಲೇಟಿನಲ್ಲಿ ಗಮನಾರ್ಹ ಪ್ರಮಾಣದಲ್ಲಿರುವ ಉತ್ತೇಜಕ ಥಿಯೊಬ್ರೊಮಿನ್. 70–85 ಶೇಕಡಾ ಚಾಕೊಲೇಟಿನ 100 ಗ್ರಾಂನಲ್ಲಿ ಸುಮಾರು 800 ಮಿಲಿಗ್ರಾಂ ಥಿಯೊಬ್ರೊಮಿನ್, 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹೃದಯದ ಬಡಿತ ತುಸು ಏರುವುದು, ಕಣ್ಣು ನಿಚ್ಚಳವಾಗಿ ತೆರೆದಿರುವುದು ಇದರ ಕೆಲಸ. ಎದೆ ಡವಡವ ಅಂದದ್ದನ್ನು ಆಸೆ ಎಂದುಕೊಳ್ಳುವುದು ಸುಲಭ. ಪ್ರಮಾಣ ಏರಿಸುತ್ತ ಹೋದರೆ ಹಿತವಾಗುವ ಬದಲು ಕಿರಿಕಿರಿಯಾಗುತ್ತದೆ. ಅದರ ಅರ್ಧಾಯು ಏಳೆಂಟು ಗಂಟೆಯಾದ್ದರಿಂದ, ರಾತ್ರಿ ಹತ್ತಕ್ಕೆ ತಿಂದದ್ದು ಬೆಳಗಿನ ಜಾವ ಐದಕ್ಕೂ ಅರ್ಧ ಉಳಿದಿರುತ್ತದೆ. ಅರ್ಧ ಬಾರ್ ಎಂದರೆ ಸುಮಾರು 300 ಕ್ಯಾಲರಿ, 20 ಗ್ರಾಂಗೂ ಹೆಚ್ಚು ಕೊಬ್ಬು, 400 ಮಿಲಿಗ್ರಾಂ ಥಿಯೊಬ್ರೊಮಿನ್. ಇಷ್ಟನ್ನು ಹೊಟ್ಟೆಗೆ ಹಾಕಿ ಮಲಗಿದರೆ ಅನ್ನನಾಳದ ಕೆಳಗಿನ ಬಿಗಿ ಸಡಿಲಾಗಿ ಹುಳಿತೇಗು, ಎದೆಯುರಿ ಬರುತ್ತದೆ. ನಿದ್ದೆಗೆಟ್ಟವರಿಗೆ ಮರುದಿನ ಆಸಕ್ತಿ ಇನ್ನೂ ಇಳಿಯುತ್ತದೆ. ಅರ್ಧ ಬಾರ್ ಬೇಡ ಎಂದದ್ದು ಇದಕ್ಕೇ.

ಇನ್ನು ಫ್ಲವನಾಲ್, ಕೋಕೊದಲ್ಲಿರುವ ಒಂದು ಬಗೆಯ ಸಸ್ಯರಾಸಾಯನಿಕ. ಚಾಕೊಲೇಟಿನ ಪರವಾಗಿ ಇರುವ ವಾದಗಳಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಇದೊಂದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಕೋಕೊ ಬೀಜದಲ್ಲಿರುವ ಎಪಿಕ್ಯಾಟೆಚಿನ್ ಎಂಬ ಫ್ಲವನಾಲ್ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಲು ನೆರವಾಗುತ್ತದೆ. ನೈಟ್ರಿಕ್ ಆಕ್ಸೈಡ್ ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ಶಿಶ್ನದ ನಿಮಿರುವಿಕೆ ಶುರುವಾಗುವುದೂ ಇದೇ ನೈಟ್ರಿಕ್ ಆಕ್ಸೈಡ್‌ನಿಂದ. ಸಿಲ್ಡೆನಾಫಿಲ್ (ವಯಾಗ್ರಾ) ಮಾತ್ರೆ ಕೆಲಸ ಮಾಡುವುದು ಇದೇ ಸರಪಳಿಯ ಮುಂದಿನ ಕೊಂಡಿಯಲ್ಲಿ. ಹಾಗಾಗಿ ಈ ಆಲೋಚನೆ ಹುರುಳಿಲ್ಲದ್ದಲ್ಲ. ರಕ್ತನಾಳ ಹಿಗ್ಗುವ ಗುಣ ಕಾಪಾಡಿಕೊಳ್ಳಲು ದಿನಕ್ಕೆ 200 ಮಿಲಿಗ್ರಾಂ ಕೋಕೊ ಫ್ಲವನಾಲ್ ಸಹಾಯಕ ಎಂಬ ಹೇಳಿಕೆಯನ್ನು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿದೆ.

ತೊಡಕು ಇರುವುದು ಪ್ರಮಾಣದಲ್ಲಿ. ಕೋಕೊ ಬೀಜವನ್ನು ಹುದುಗಿಸುವಾಗ, ಹುರಿಯುವಾಗ ಫ್ಲವನಾಲ್ ನಾಶವಾಗುತ್ತದೆ. ಅದಕ್ಕಿಂತ ದೊಡ್ಡ ಹೊಡೆತ ಕ್ಷಾರ ಸಂಸ್ಕರಣೆಯದು. ನೆದರ್ಲೆಂಡ್ಸ್‌ನ ವಾನ್ ಹೌಟನ್ ಮನೆತನದಿಂದ 19ನೇ ಶತಮಾನದಲ್ಲಿ ಬಂದ ಈ ವಿಧಾನದಲ್ಲಿ ಕೋಕೊಗೆ ಕ್ಷಾರ ಬೆರೆಸಿ ಕಹಿ ಮತ್ತು ಹುಳಿಯನ್ನು ತಗ್ಗಿಸುತ್ತಾರೆ, ಬಣ್ಣ ಗಾಢವಾಗುತ್ತದೆ. ಸಂಸ್ಕರಿಸದ ಕೋಕೊ ಪುಡಿಯ ಒಂದು ಗ್ರಾಂನಲ್ಲಿ ಸರಾಸರಿ 34 ಮಿಲಿಗ್ರಾಂ ಫ್ಲವನಾಲ್ ಸಿಕ್ಕಿದರೆ, ಬಲವಾಗಿ ಸಂಸ್ಕರಿಸಿದ್ದರಲ್ಲಿ 4 ಮಿಲಿಗ್ರಾಂ ಸಿಗುವುದೂ ಕಷ್ಟ. ಅಂದರೆ 200 ಮಿಲಿಗ್ರಾಂಗೆ ಮೊದಲನೆಯದು ಆರು ಗ್ರಾಂ ಸಾಕು, ಎರಡನೆಯದು 50 ಗ್ರಾಂ ಬೇಕು. ಕಪ್ಪಗಿದ್ದಷ್ಟೂ ಗಟ್ಟಿ ಎಂಬ ನಂಬಿಕೆ ಇಲ್ಲಿ ಪೂರಾ ಕೈಕೊಡುತ್ತದೆ. ‘85 ಶೇಕಡಾ’ ಎಂಬ ಅಂಕಿಯೂ ಫ್ಲವನಾಲಿನ ಅಳತೆಯಲ್ಲ. ಕೋಕೊದ ಘನಾಂಶ ಮತ್ತು ಕೋಕೊ ಬೆಣ್ಣೆ ಎರಡನ್ನೂ ಕೂಡಿಸಿದ ತೂಕ ಅದು, ಬೆಣ್ಣೆಯಲ್ಲಿ ಫ್ಲವನಾಲ್ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಟಣದ ಹಿಂದೆ ‘ಕ್ಷಾರದಿಂದ ಸಂಸ್ಕರಿಸಿದ ಕೋಕೊ’ ಎಂದಿದೆಯೇ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಕೋಕೊ ಮಾಸ್, ಅಂದರೆ ಅರೆದ ಕೋಕೊ ಬೀಜ. ಸಕ್ಕರೆ ಮೊದಲಿದ್ದರೆ ಅದು ಸಕ್ಕರೆ ಮಿಠಾಯಿಯೇ.

ಸರಿಯಾದ ಪ್ರಮಾಣ ಕೊಟ್ಟಾಗಲಾದರೂ ಏನಾಗುತ್ತದೆ? ವೈದ್ಯಕೀಯ ಸಾಕ್ಷ್ಯವನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 35 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ರಕ್ತದೊತ್ತಡ ಇಳಿದದ್ದು ಸರಾಸರಿ 1.8 ಮಿಲಿಮೀಟರ್‌ನಷ್ಟು. ಇಳಿದದ್ದು ನಿಜ, ಆದರೆ ನಿಮ್ಮ ಮಾತ್ರೆಯ ಜಾಗಕ್ಕೆ ಅದು ಬರಲಾರದು. 25,000 ಗಂಡಸರನ್ನು ಹತ್ತು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೆಲವು ಬಗೆಯ ಫ್ಲವನಾಯ್ಡ್ (ಫ್ಲವನಾಲ್ ಸೇರುವ ದೊಡ್ಡ ಕುಟುಂಬ) ಹೆಚ್ಚು ತಿಂದವರಲ್ಲಿ ನಿಮಿರುವಿಕೆಯ ತೊಂದರೆ ಶೇಕಡಾ ಹತ್ತರ ಆಸುಪಾಸು ಕಡಿಮೆ ಇತ್ತು. ಆ ಫ್ಲವನಾಯ್ಡ್‌ಗಳು ಬೆರಿ ಹಣ್ಣುಗಳಲ್ಲಿ, ಕಿತ್ತಳೆ ಜಾತಿಯ ಹಣ್ಣುಗಳಲ್ಲಿ ಇರುವಂಥವು. ಕೋಕೊದ ಗುಂಪು ಅಲ್ಲಿ ಗೆದ್ದಿರಲಿಲ್ಲ. ಹಾಗಾಗಿ ಈ ವಾದವನ್ನು ‘ಸಾಧ್ಯತೆ ಇದೆ, ಸಾಕ್ಷ್ಯ ಇಲ್ಲ’ ಎಂಬಲ್ಲಿಗೆ ನಿಲ್ಲಿಸಬೇಕಾಗುತ್ತದೆ.

ಹೆಂಗಸರ ಬಗ್ಗೆ ಪದೇಪದೇ ಉದ್ಧರಿಸುವುದು 2006ರ ಇಟಲಿಯ ಅಧ್ಯಯನವನ್ನು. 163 ಮಂದಿಯನ್ನು ಕೇಳಿದಾಗ, ದಿನಾ ಚಾಕೊಲೇಟ್ ತಿನ್ನುವವರ ಲೈಂಗಿಕ ಆಸಕ್ತಿಯ ಅಂಕ ಹೆಚ್ಚಿತ್ತು. ಸುದ್ದಿ ಅಲ್ಲಿಗೇ ನಿಂತಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ: ಚಾಕೊಲೇಟ್ ತಿನ್ನುತ್ತಿದ್ದವರು ತಿನ್ನದವರಿಗಿಂತ ಚಿಕ್ಕ ವಯಸ್ಸಿನವರು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದಾಗ ಅಂಕಗಳ ವ್ಯತ್ಯಾಸವೂ ಮಾಯವಾಯಿತು.

ಹಾಗಾದರೆ ಈ ಹೆಸರು ಬಂದದ್ದು ಎಲ್ಲಿಂದ? 1519ರಲ್ಲಿ ಮೆಕ್ಸಿಕೋಗೆ ಹೋದ ಸ್ಪೇನಿನ ಸೈನಿಕ ಬೆರ್ನಾಲ್ ದಿಯಾಸ್, ಅಜ್ಟೆಕ್ ದೊರೆ ಮೊಕ್ತೆಸುಮಾನ ಊಟವನ್ನು ಎಷ್ಟೋ ವರ್ಷಗಳ ಮೇಲೆ ನೆನಪಿನಿಂದ ಬರೆದ. ಚಿನ್ನದ ಬಟ್ಟಲಲ್ಲಿ ಕೋಕೊ ಪಾನೀಯ ಕೊಡುತ್ತಿದ್ದರು, ಅದು ಸ್ತ್ರೀಸಂಗಕ್ಕೆ ಎಂದು ‘ಹೇಳುತ್ತಿದ್ದರು’ ಎನ್ನುತ್ತಾನೆ. ನೊರೆ ತುಂಬಿದ ಐವತ್ತಕ್ಕೂ ಮಿಕ್ಕಿ ಹೂಜಿಗಳು ಬಂದವು, ದೊರೆ ಅದರಿಂದ ಕುಡಿದ ಎಂದೂ ಇದೆ. ಮುಂದೆ ಬಾಯಿಂದ ಬಾಯಿಗೆ ಹೋಗುತ್ತ ಅದು ‘ದೊರೆ ದಿನಕ್ಕೆ ಐವತ್ತು ಬಟ್ಟಲು ಕುಡಿದು ಅಂತಃಪುರಕ್ಕೆ ಹೋಗುತ್ತಿದ್ದ’ ಎಂದಾಯಿತು. ಆ ಪಾನೀಯ ಇಂದಿನ ಚಾಕೊಲೇಟಿನಂತೆ ಸಿಹಿಯ ಅಚ್ಚೂ ಆಗಿರಲಿಲ್ಲ. ಅರೆದ ಕೋಕೊವನ್ನು ನೀರಲ್ಲಿ ಕಲಸಿ, ಮೆಣಸಿನಕಾಯಿ, ವೆನಿಲಾ, ಸುಗಂಧದ ಹೂಗಳನ್ನು ಹಾಕಿ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರು. 1570ರ ದಶಕದಲ್ಲಿ ಸ್ಪೇನಿನ ದೊರೆ ಕಳಿಸಿದ ವೈದ್ಯ ಫ್ರಾನ್ಸಿಸ್ಕೊ ಎರ್ನಾಂದೆಸ್ ಕೂಡ ಕಾಮ ಕೆರಳಿಸುವ ಗುಣ ಹೇಳಿದ್ದು ಇಂಥ ಸಂಬಾರ ಬೆರೆತ ಪಾನೀಯಕ್ಕೆ. ಉಷ್ಣ–ಶೀತದ ಅಂದಿನ ಲೆಕ್ಕದಲ್ಲಿ ಕೋಕೊ ಶೀತದ ಕಡೆಗಿತ್ತು, ಉಷ್ಣ ಸಂಬಾರಗಳದು. ಯೂರೋಪಿಗೆ ಬಂದಾಗ ಸಂಬಾರಗಳಲ್ಲಿ ಬಹುಪಾಲು ಬಿಟ್ಟುಹೋಗಿ ಸಕ್ಕರೆ ಸೇರಿತು, ಆದರೂ ಕೀರ್ತಿ ಪೂರ್ತಿಯಾಗಿ ಕೋಕೊದ ಪಾಲಿಗೇ ಉಳಿಯಿತು. 1860ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ ಹೃದಯದ ಆಕಾರದ ಡಬ್ಬಿ ತಂದ ಮೇಲೆ ಪ್ರೇಮದ ಉಡುಗೊರೆ ಎಂಬ ಮುದ್ರೆ ಗಟ್ಟಿಯಾಗಿ ಬಿತ್ತು.

ಇಷ್ಟೆಲ್ಲ ಕಳೆದ ಮೇಲೂ ಚಾಕೊಲೇಟಿಗೆ ಒಂದು ನಿಜವಾದ ಬಲ ಉಳಿಯುತ್ತದೆ. ಅದು ಬಾಯಲ್ಲಿದೆ. 1994ರ ಒಂದು ಪ್ರಯೋಗದಲ್ಲಿ, ಚಾಕೊಲೇಟ್ ಬೇಕೇ ಬೇಕು ಎನಿಸಿದ ಹೊತ್ತಿನಲ್ಲಿ ಜನರಿಗೆ ಹಾಲಿನ ಚಾಕೊಲೇಟ್, ಬಿಳಿ ಚಾಕೊಲೇಟ್, ಕೋಕೊ ಪುಡಿ ತುಂಬಿದ ಕ್ಯಾಪ್ಸೂಲ್ ಇವುಗಳನ್ನು ಬೇರೆಬೇರೆ ದಿನ ಕೊಟ್ಟರು. ಕೋಕೊದ ರಾಸಾಯನಿಕಗಳೆಲ್ಲ ಇದ್ದದ್ದು ಕ್ಯಾಪ್ಸೂಲಿನಲ್ಲಿ, ಆದರೆ ಅದು ಹಂಬಲವನ್ನು ತಣಿಸಲಿಲ್ಲ. ಕೋಕೊ ಘನಾಂಶವೇ ಇಲ್ಲದ ಬಿಳಿ ಚಾಕೊಲೇಟ್ ಅರೆಬರೆಯಾಗಿ ತಣಿಸಿತು. ಪೂರ್ತಿ ತಣಿಸಿದ್ದು ಬಾಯಲ್ಲಿ ಕರಗಿದ ಹಾಲಿನ ಚಾಕೊಲೇಟ್. ಚಾಕೊಲೇಟಿನ ಸುಖ ನಾಲಿಗೆ, ಮೂಗು, ಕರಗುವಿಕೆ ಇವುಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಈ ಸುಖವನ್ನು ಸರಿಯಾಗಿ ಪಡೆಯುವ ಕ್ರಮವೂ ಇದೆ. ಹದಗೊಳಿಸಿದ ಚಾಕೊಲೇಟಿನ ಕೋಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಯಿಯ ಕಾವಿಗೆ ಒಂದೆರಡು ಡಿಗ್ರಿ ಕೆಳಗೆ. ಕೋಣೆಯಲ್ಲಿ ಗಟ್ಟಿಯಾಗಿದ್ದು ನಾಲಿಗೆಯ ಮೇಲೆ ಕುಸಿಯುವುದು ಇದರಿಂದಲೇ, ಕರಗುವಾಗ ಶಾಖ ಹೀರುವುದರಿಂದ ಸಣ್ಣಗೆ ತಂಪೂ ತಾಗುತ್ತದೆ. ಫ್ರಿಜ್‌ನಲ್ಲಿದ್ದರೆ ಪೊಟ್ಟಣ ಬಿಚ್ಚದೆ ಒಂದು ಗಂಟೆ ಮೊದಲೇ ಹೊರಗಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಮೇಲೆ ನೀರು ಹನಿಗಟ್ಟಿ, ಸಕ್ಕರೆ ಕರಗಿ, ಒಣಗಿದ ಮೇಲೆ ಒರಟು ಬಿಳಿ ಪದರ ಉಳಿಯುತ್ತದೆ. ಐದು ಗ್ರಾಂನ ಒಂದು ತುಂಡು ಮುರಿಯಿರಿ. ಟಕ್ಕೆಂದು ಸದ್ದಾದರೆ ಹದ ಸರಿಯಿದೆ. ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಮೆಲ್ಲನೆ ಒತ್ತಿ, ಅರ್ಧ ನಿಮಿಷ ಕಚ್ಚಬೇಡಿ. ತುಟಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಅಲ್ಲಿಯದು. ಕೋಕೊ ಬೆಣ್ಣೆಯ ಬದಲು ಅಗ್ಗದ ಸಸ್ಯಕೊಬ್ಬು ಹಾಕಿದ್ದು ಹೀಗೆ ಕರಗುವುದಿಲ್ಲ, ಅಂಗುಳದ ಮೇಲೆ ಮೇಣದಂತೆ ಅಂಟಿಕೊಳ್ಳುತ್ತದೆ. ಇಬ್ಬರೂ ಫೋನ್ ಬದಿಗಿಟ್ಟು, ಊಟವಾದ ಒಂದು ಗಂಟೆಯ ಮೇಲೆ, ತಲಾ ಎರಡು ತುಂಡು ಹೀಗೆ ತಿನ್ನಿ. ತೂಕ ಹತ್ತು ಗ್ರಾಂ, ಅರವತ್ತು ಕ್ಯಾಲರಿ. ಒಬ್ಬರಿಗೊಬ್ಬರು ಗಮನ ಕೊಡುವ ಹತ್ತು ನಿಮಿಷ ಸಿಗುತ್ತದೆ, ಮತ್ತು ನಿಮ್ಮಂಥ ಎಷ್ಟೋ ದಂಪತಿಗಳಿಗೆ ಕೊರತೆಯಾಗಿರುವುದೇ ಅದು. ನಿರೀಕ್ಷೆಗೂ ಶಕ್ತಿ ಇದೆ: 1998ರಲ್ಲಿ ಪ್ರಕಟವಾದ ಸಿಲ್ಡೆನಾಫಿಲ್ ಪ್ರಯೋಗದಲ್ಲಿ ಮಾತ್ರೆ ತಿಂದವರ ಪ್ರಯತ್ನಗಳಲ್ಲಿ ಶೇಕಡಾ 69 ಸಫಲವಾದವು, ಔಷಧವಿಲ್ಲದ ಹುಸಿ ಗುಳಿಗೆ ತಿಂದವರಲ್ಲೂ ಶೇಕಡಾ 22 ಸಫಲವಾದವು.

ಈಗ ಆನ್‌ಲೈನ್ ಚಾಕೊಲೇಟ್. ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರುವ ಯಾವ ಕಾಮೋತ್ತೇಜಕವೂ ಪರಿಣಾಮಕಾರಿ ಮತ್ತು ಸುರಕ್ಷಿತ ಎಂದು ಸಾಬೀತಾಗಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1989ರಲ್ಲೇ ನಿಯಮ ಮಾಡಿತು. ಗಂಡಸುತನದ ಹೆಸರಲ್ಲಿ ಮಾರುವ ಚಾಕೊಲೇಟುಗಳಲ್ಲಿ ಸಿಲ್ಡೆನಾಫಿಲ್, ಅದೇ ಬಗೆಯ ಟಡಾಲಾಫಿಲ್ ಗುಟ್ಟಾಗಿ ಬೆರೆತಿದ್ದದ್ದನ್ನು ಅದೇ ಸಂಸ್ಥೆ ಪರೀಕ್ಷೆಯಲ್ಲಿ ಕಂಡು ಈಚಿನ ವರ್ಷಗಳಲ್ಲಿ ಎಚ್ಚರಿಕೆ ಕೊಟ್ಟಿದೆ. ‘ನನಗೆ ಕೆಲಸ ಮಾಡಿತು’ ಎಂದು ಹೇಳುವವರಲ್ಲಿ ಕೆಲವರಿಗಾದರೂ ಕೆಲಸ ಮಾಡಿದ್ದು ಈ ಔಷಧವೇ ಇರಬೇಕು. ಎಷ್ಟು ಮಿಲಿಗ್ರಾಂ ಇದೆ ಎಂದು ಪೊಟ್ಟಣ ಹೇಳುವುದಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಲ್ಲಿ ಇದು ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಬೀಳಿಸಬಲ್ಲದು. ಡೊಕ್ಸಜೋಸಿನ್, ಪ್ರಜೋಸಿನ್‌ನಂಥ ಬಿಪಿ ಮಾತ್ರೆಗಳ ಜೊತೆಗೂ ಎದ್ದು ನಿಂತಾಗ ಕಣ್ಣುಕತ್ತಲೆ ಬಂದು ಬೀಳುವ ಭಯವಿದೆ. ಔಷಧ ಬೇಕಿದ್ದರೆ ವೈದ್ಯರ ಚೀಟಿಯ ಮೇಲೆ, ಗೊತ್ತಾದ ಪ್ರಮಾಣದಲ್ಲಿ ತೆಗೆದುಕೊಳ್ಳಿ.

ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ಶಿಶ್ನದ ಅಪಧಮನಿ ಒಂದೆರಡು ಮಿಲಿಮೀಟರ್ ಅಗಲ, ಹೃದಯದ ಅಪಧಮನಿ ಮೂರು ನಾಲ್ಕು. ಒಳಗೆ ಕೊಬ್ಬು ಕಟ್ಟತೊಡಗಿದರೆ ಸಣ್ಣ ಕೊಳವೆಯ ತೊಂದರೆ ಮೊದಲು ಹೊರಬೀಳುತ್ತದೆ, ಹೃದಯದ ಲಕ್ಷಣ ಎರಡರಿಂದ ಐದು ವರ್ಷ ತಡವಾಗಿ ಬರಬಹುದು. 46ನೇ ವಯಸ್ಸಿನಲ್ಲಿ, ಬಿಪಿ ಇರುವವರಲ್ಲಿ ಈ ಸೂಚನೆಯನ್ನು ಕಡೆಗಣಿಸಬಾರದು. ಬೆಳಗ್ಗೆ ಎದ್ದಾಗ ನಿಮಿರುವಿಕೆ ಮೊದಲಿನಂತೆ ಗಟ್ಟಿಯಾಗಿ ಬರುತ್ತಿದೆಯೇ ಗಮನಿಸಿ. ಬರುತ್ತಿದ್ದರೆ ಮನಸ್ಸಿನ ಒತ್ತಡದ ಪಾಲು ಹೆಚ್ಚಿರಬಹುದು, ಇಲ್ಲದಿದ್ದರೆ ರಕ್ತನಾಳ, ನರ, ಹಾರ್ಮೋನಿನ ಕಡೆ ನೋಡಬೇಕು. ಉಪವಾಸದ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಕೊಲೆಸ್ಟರಾಲ್, ಥೈರಾಯ್ಡ್ ಮಾಡಿಸಿ. ಟೆಸ್ಟೊಸ್ಟಿರಾನ್ ಪರೀಕ್ಷೆಗೆ ರಕ್ತವನ್ನು ಬೆಳಗ್ಗೆ ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ಕೊಡಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು, ಒಂದೇ ಸಲದ ಅಂಕಿಯನ್ನು ನಂಬಬಾರದು. ಸಿಗರೇಟು ಇದ್ದರೆ ಬಿಡಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ರಕ್ತನಾಳಗಳಿಗೆ ಅದರಿಂದಾಗುವ ಉಪಕಾರ ಯಾವ ಬಾರ್‌ನಿಂದಲೂ ಆಗದು.

ನಿಮ್ಮ ಹೆಂಡತಿಗೂ ಒಂದು ಭೇಟಿ ಬೇಕು. 42ರ ವಯಸ್ಸಿನಲ್ಲಿ ರಕ್ತಹೀನತೆ, ಥೈರಾಯ್ಡ್, ಮುಟ್ಟು ನಿಲ್ಲುವ ಮುನ್ನಿನ ಬದಲಾವಣೆ, ಒಣಗುವಿಕೆಯಿಂದ ಬರುವ ನೋವು ಇವೆಲ್ಲ ಆಸಕ್ತಿಯನ್ನು ಇಳಿಸುತ್ತವೆ. ನೋವಿದೆಯೇ ಎಂದು ನೀವೇ ಮೊದಲು ಕೇಳಿ. ಎಷ್ಟೋ ಹೆಂಗಸರು ಅದನ್ನು ತಾವಾಗಿ ಹೇಳುವುದಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಬಿಪಿ ಮಾತ್ರೆಯ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಥಯಜೈಡ್ ಬಗೆಯ ಮೂತ್ರವರ್ಧಕ, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಇವು ಕೆಲವರಲ್ಲಿ ನಿಮಿರುವಿಕೆಯನ್ನು ಕುಗ್ಗಿಸುತ್ತವೆ, ಮತ್ತು ಬದಲಿಗೆ ಕೊಡಬಹುದಾದ ಮಾತ್ರೆಗಳಿವೆ. ತೊಂದರೆ ಶುರುವಾದದ್ದು ಮಾತ್ರೆ ಶುರು ಮಾಡುವ ಮೊದಲೋ ಆಮೇಲೋ ಎಂದು ನೆನಪು ಮಾಡಿಕೊಂಡು ಹೇಳಿ. ವೈದ್ಯರು ಬದಲಿಸುವ ತನಕ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.